ಸ್ಕ್ರೀನಿನ ಮೂಲೆಯಲ್ಲಿ ಸಾಬವ್ವ

ಮಾಯಾಳ ಕಂಪ್ಯೂಟರ್ ಸ್ಕ್ರೀನಿನ ಕೆಳಗಿನ ಬಲಮೂಲೆಯಲ್ಲಿ ಎರಡು ಬೆರಳಿನಷ್ಟು ಎತ್ತರದ ಹೆಂಗಸೊಬ್ಬಳು ದಿನವಿಡೀ ನಿಂತಿರುತ್ತಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಗಾರೆ ತುಂಬಿದ ಬುಟ್ಟಿ, ಒಂದು ಕೈ ಬುಟ್ಟಿಗೆ, ಇನ್ನೊಂದು ಸೊಂಟಕ್ಕೆ. ಸುತ್ತ ಚೌಕಟ್ಟಿಲ್ಲ, ಅಂಚಿಲ್ಲ, ಮುಚ್ಚಲು ಗುಂಡಿಯಿಲ್ಲ. ಪತ್ರ ಟೈಪ್ ಮಾಡಿದರೆ ಪತ್ರದ ಮೇಲೆ, ಫ್ಲ್ಯಾಟುಗಳ ಪಟ್ಟಿ ತೆರೆದರೆ ಪಟ್ಟಿಯ ಮೇಲೆ ನಿಂತೇ ಇರುತ್ತಿದ್ದಳು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿದ್ದ ಪುಟ್ಟ ಪ್ರೋಗ್ರಾಂ ಅದು. ಯಾವ ಫೋಟೋ ಕೊಟ್ಟರೂ ಎಲ್ಲದರ ಮೇಲೆ ತಂದು ನಿಲ್ಲಿಸುತ್ತದೆ. ಯಾವ ಬಣ್ಣ ಬೇಡ ಅಂದರೆ ಆ ಬಣ್ಣವನ್ನು ಕಾಣದಂತೆ ಮಾಡುತ್ತದೆ. ಮಂದಿ ಅದರಲ್ಲಿ ಬೆಕ್ಕಿನ ಮರಿ, ಗಣಪತಿ, ಕ್ರಿಕೆಟ್ ಆಟಗಾರರನ್ನು ಇಟ್ಟುಕೊಳ್ಳುತ್ತಿದ್ದರು. ಮಾಯಾ ತನ್ನ ಅವ್ವನನ್ನು ಇಟ್ಟುಕೊಂಡಿದ್ದಳು. ಅದು ಅವ್ವ ಅಂತ ಮಾತ್ರ ಯಾರಿಗೂ ಹೇಳಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಮಾತು. ಪುಣೆ ಕ್ಯಾಂಪಿನ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಸಿದ್ದಲಿಂಗಪ್ಪನವರ ಬಿಲ್ಡರ್ ಆಫೀಸು. ಅವರಪ್ಪ ಬಾಗಲಕೋಟೆ ಕಡೆಯಿಂದ ಬಂದು ಅದೇ ಕ್ಯಾಂಪಿನಲ್ಲಿ ಅರಿವೆ ಅಂಗಡಿ ಇಟ್ಟವರು. ಮಗ ಅರಿವೆ ಬಿಟ್ಟು ಇಟ್ಟಿಗೆ ಹಿಡಿದು, ಹಿಂಜವಡಿಯಲ್ಲಿ ಕಂಪನಿಗಳು ಏಳುವ ಹೊತ್ತಿಗೆ ಸರಿಯಾಗಿ ವಾಕಡದಲ್ಲಿ ಫ್ಲ್ಯಾಟು ಕಟ್ಟಲು ನಿಂತರು. ಬಾಯಿ ತೆರೆದರೆ "ನಮ್ಮ ಮಂದಿ". ಆಫೀಸಿನಲ್ಲಿ ಕೂತವರೂ ನಮ್ಮ ಮಂದಿ, ವಾಕಡದಲ್ಲಿ ಗಾರೆ ಹೊರುವವರೂ ನಮ್ಮ ಮಂದಿ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಸಿದ್ದಲಿಂಗಪ್ಪನವರ ಲೋಕದಲ್ಲಿ ಆ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಕನ್ನಡ ಬಲ್ಲವಳು, ಮರಾಠಿ ಶಾಲೆಯಲ್ಲಿ ಓದಿದವಳು, ಕಂಪ್ಯೂಟರ್ ಕೋರ್ಸು ಮುಗಿಸಿದವಳು ಅಂತ ಮಾಯಾಳನ್ನು ಸೇರಿಸಿಕೊಂಡರು. ಅಪ್ಪ ಏನು ಮಾಡುತ್ತಾನೆ ಅಂತ ಕೇಳಿದಾಗ ಅವಳು, "ಭೋಸರಿಯೊಳಗ ಫ್ಯಾಕ್ಟರಿ ಸೂಪರ್‌ವೈಸರ್ ಅದಾರ್ರಿ" ಅಂದುಬಿಟ್ಟಳು. ಅಪ್ಪ ಧರ್ಮರಾಜ ಆಗ ಯಾವುದೋ ಕಟ್ಟಡದ ಬುಡದಲ್ಲಿ ಜಲ್ಲಿ ತುಂಬುತ್ತಿದ್ದ. ಹುಡುಗಿ ಸುಳ್ಳು ಹೇಳಿದಳು ಅಂತ ಬೈಯುವವರು ಬೈಯಲಿ. ತಗಡಿನ ಶೆಡ್ಡಿನ ವಿಳಾಸ ಬರೆದುಕೊಟ್ಟು ಆಫೀಸಿನ ಕುರ್ಚಿ ಗಿಟ್ಟಿಸಿದ ಒಬ್ಬರನ್ನಾದರೂ ತೋರಿಸಿ ಆಮೇಲೆ ಬೈಯಲಿ. ಮಾಯಾ ಇರುತ್ತಿದ್ದದ್ದು ಕಾತ್ರಜದಲ್ಲಿ, ಚಿಕ್ಕವ್ವ ಕೃಷ್ಣಾಬಾಯಿಯ ಒಂದೇ ಕೋಣೆಯ ಮನೆಯಲ್ಲಿ. ಅಪ್ಪ ಅವ್ವ, ಕೂಲಿಗಳನ್ನು ಕರೆತರುವ ಮುಕಾದಮ ಗುರಣ್ಣ ಹೇಳಿದ ಸೈಟಿನಲ್ಲಿ ಇರುತ್ತಿದ್ದರು.

ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ತಿಂಗಳಿಗೊಮ್ಮೆ ಸೈಟ್ ಎಂಜಿನಿಯರ್ ರೋಹಿತ ವಾಕಡದ ಕಟ್ಟಡ ಎಷ್ಟು ಎದ್ದಿದೆ ಅಂತ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದು ತರುತ್ತಿದ್ದ. ಮೂಲೆಯಲ್ಲಿ ತಾರೀಖು ತಾನಾಗಿ ಬೀಳುತ್ತಿತ್ತು. ಮಾಯಾ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಕ್ಯಾಮೆರಾ ಖಾಲಿ ಮಾಡಿ, ಫ್ಲ್ಯಾಟು ಕಾಯ್ದಿರಿಸಿದವರಿಗೆ ಕಳಿಸಲು ಹತ್ತನ್ನು ಆರಿಸಬೇಕು. ಸಾಹೇಬರ ಕಟ್ಟಪ್ಪಣೆ ಒಂದೇ.

"ಫೋಟೋದಾಗ ಲೇಬರ್ ಕಾಣಬಾರ್ದು. ಕಟ್ಟಡ ಕಾಣಬೇಕು. ಬುಟ್ಟಿ ಹೊತ್ತವ್ರನ್ನ ನೋಡಿ ಯಾರೂ ಫ್ಲ್ಯಾಟ್ ತಗೊಳ್ಳಂಗಿಲ್ಲ."

ಅಷ್ಟಾದರೂ ಪ್ರತಿ ಸಲ ಯಾರೋ ಒಬ್ಬರ ಬೆನ್ನು, ಯಾರೋ ಒಬ್ಬಳ ಸೆರಗು ನುಸುಳಿರುತ್ತಿತ್ತು. ಅಂಥವನ್ನು ಮಾಯಾ ಅಳಿಸುತ್ತಿದ್ದಳು. ಅಳಿಸಿದ್ದು ಮತ್ತೆ ಸಿಗದಂತೆ ತಿಂಗಳ ಕೊನೆಗೆ ಒರೆಸಿ ಹಾಕುತ್ತಿದ್ದಳು. ಆ ಕೆಲಸದಲ್ಲಿ ಅವಳ ಕೈ ಭಾರೀ ಚುರುಕು ಅಂತ ಸಾಹೇಬರೇ ಹೊಗಳಿದ್ದುಂಟು.

ಅಕ್ಟೋಬರಿನ ಫೋಟೋಗಳಲ್ಲಿ ಒಂದನ್ನು ಅಳಿಸಲು ಬೆರಳು ಹೋಗಿ ಅಲ್ಲೇ ನಿಂತಿತು. ಮೂರನೇ ಮಹಡಿಯ ಮೆಟ್ಟಿಲು, ಕಟಕಟೆ ಇಲ್ಲದ ಬೋಳು ಅಂಚು, ಹಿಂದೆ ಸಾಹೇಬರ ಹೆಸರಿನ ಬೋರ್ಡು, ಮೂಲೆಯಲ್ಲಿ ತಾರೀಖು. ನಟ್ಟನಡುವೆ ಬುಟ್ಟಿ ಹೊತ್ತು ನಗುತ್ತಿದ್ದ ಸಾಬವ್ವ, ಮಾಯಾಳ ಅವ್ವ. ಗುರಣ್ಣ ಅವಳನ್ನೂ ಧರ್ಮರಾಜನನ್ನೂ ವಾಕಡಕ್ಕೆ ಸಾಗಿಸಿದ್ದು ಮಾಯಾಗೆ ಗೊತ್ತಾದದ್ದೇ ಹಾಗೆ.

ಅವತ್ತು ಊಟದ ಬಿಡುವಿನಲ್ಲಿ ಕೂತು ಅವ್ವನ ಸುತ್ತಲಿನದನ್ನೆಲ್ಲ ಪೇಂಟ್ ಪ್ರೋಗ್ರಾಮಿನಲ್ಲಿ ಕಡು ಗುಲಾಬಿ ಬಳಿದು ಮುಚ್ಚಿದಳು. ಮೆಟ್ಟಿಲು ಹೋಯಿತು, ಬೋರ್ಡು ಹೋಯಿತು, ತಾರೀಖು ಹೋಯಿತು. ಬುಟ್ಟಿ ಹಿಡಿದ ಕೈಯ ಸಂದಿನಲ್ಲಿ ಕಾಣುತ್ತಿದ್ದ ಕಂಬಿಯನ್ನೂ ಚುಕ್ಕೆ ಚುಕ್ಕೆಯಾಗಿ ತೆಗೆದಳು. ಸೇವ್ ಒತ್ತಿದಳು. ಪುಟ್ಟ ಪ್ರೋಗ್ರಾಮಿಗೆ ಗುಲಾಬಿ ಬೇಡ ಅಂದಳು. ಅವ್ವ ಯಾವ ಹಂಗೂ ಇಲ್ಲದೆ ಸ್ಕ್ರೀನಿನ ಮೇಲೆ ಬಂದು ನಿಂತಳು. ಹುಡುಗಿಗೆ ಎಷ್ಟು ಖುಷಿಯಾಯಿತೆಂದರೆ ಬುತ್ತಿ ಬಿಚ್ಚುವುದನ್ನೇ ಮರೆತಳು.

ಆ ಭಾನುವಾರ ಸಾಬವ್ವ ಕಾತ್ರಜಕ್ಕೆ ಬಂದಾಗ ಮಾಯಾ, "ಯವ್ವಾ, ನೀ ಇರೂದು ನಮ್ಮ ಸಾಹೇಬ್ರ ಸೈಟಿನಾಗ. ನಾ ಅದೇ ಆಫೀಸಿನ್ಯಾಕಿ ಅಂತ ಅಲ್ಲಿ ಯಾರ ಮುಂದೂ ಅನಬ್ಯಾಡ" ಅಂದಳು.

"ನಾ ಯಾಕ ಅನ್ಲಿ ತಂಗಿ? ನಿನ್ನ ಕುರ್ಚಿ ನಿನಗ ಗಟ್ಟಿ ಇರ್ಲಿ" ಅಂದಳು ಸಾಬವ್ವ. ಅವಳ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

ಎರಡು ದಿನ ಬಿಟ್ಟು ರೋಹಿತ ಚಹಾ ಲೋಟ ಹಿಡಿದು ಮಾಯಾಳ ಹಿಂದೆ ಬಂದು ನಿಂತ. ಅವನೂ ಕನ್ನಡದವನೇ, ಕ್ಯಾಂಪಿನ ಗುಮಾಸ್ತರ ಮನೆಯ ಹುಡುಗ, ಕೆಟ್ಟವನೇನಲ್ಲ.

"ಇದು ನಾ ತೆಗೆದ ಫೋಟೋ ಅಲ್ಲೇನು? ಯಾರಿಕಿ?"

"ಯಾರೋ, ಗೊತ್ತಿಲ್ಲ! ಫೋಟೋ ಚಂದ ಬಂದಿತ್ತು, ಇಟ್ಟೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೋಹಿತ ನಕ್ಕು ಹೋದ. ಮಾಯಾ ಮೌಸ್ ಹಿಡಿದು ಅವ್ವನನ್ನು ಸುಮ್ಮನೆ ಒಂದಿಷ್ಟು ಮೇಲಕ್ಕೆಳೆದಳು.

ನವೆಂಬರಿನ ಒಂದು ಮಂಗಳವಾರ ಮಧ್ಯಾಹ್ನ ಸೈಟಿನಿಂದ ಫೋನು ಬಂತು. ಸಿದ್ದಲಿಂಗಪ್ಪನವರು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಆಮೇಲೆ ಮಾಯಾಳ ಕುರ್ಚಿಯ ಹಿಂದೆ ಬಂದು ನಿಂತು ಪೊಲೀಸ್ ಠಾಣೆಗೆ ಮರಾಠಿಯಲ್ಲಿ ಒಂದು ಪತ್ರ ಹೇಳಿ ಬರೆಸತೊಡಗಿದರು. ಇಂದು ವಾಕಡದ ನಮ್ಮ ಸೈಟಿನಲ್ಲಿ ಕೂಲಿಗಾರನೊಬ್ಬನ ಹೆಂಡತಿ, ಗಂಡನಿಗೆ ಬುತ್ತಿ ಕೊಡಲು ಬಂದವಳು, ಕಾಲು ಜಾರಿ ಮೆಟ್ಟಿಲಿನಿಂದ ಬಿದ್ದಿದ್ದಾಳೆ.

"ಕೂಲಿಯವನ ಹೆಸರೇನ್ರಿ?" ಮಾಯಾ ಕೇಳಿದಳು. ಅವಳ ಬೆರಳು ಕೀಲಿಗಳ ಮೇಲೇ ಇದ್ದವು.

"ಧರ್ಮರಾಜ. ಗುರಣ್ಣನ ಟೋಳಿಯವ."

ಬೆರಳು ನಿಂತವು. "ಹೆಂಗಸಿನ ಹೆಸರ್ರಿ?"

"ಹೆಸರು ಯಾಕ ಬೇಕು? ಧರ್ಮರಾಜನ ಹೆಂಡ್ತಿ ಅಂತ ಬರಿ, ಸಾಕು."

"ಜೀವ… ಜೀವ ಅದೇನ್ರಿ?"

"ಅದ, ಅದ. ಸೊಂಟ ಮುರದದಂತ. ನೀ ಬರಿ ಲಗೂನ."

ಅವಳು ಬರೆದಳು. ಇದನ್ನು ಹೇಳಲು ನನಗೂ ಮೈ ಉರಿಯುತ್ತದೆ, ಆದರೆ ಮುಚ್ಚಿಟ್ಟು ಪ್ರಯೋಜನವಿಲ್ಲ: ಮಾಯಾ ಆ ಪತ್ರವನ್ನು ಕೊನೆಯವರೆಗೂ ಬರೆದಳು. ಎದ್ದು ಕಿರುಚಬೇಕಿತ್ತು, ಕಿರುಚಲಿಲ್ಲ. ಎರಡು ವರ್ಷ ಹೇಳಿದ್ದನ್ನು ಹೇಳಿದಂತೆ ಒತ್ತಿದ ಬೆರಳುಗಳು ಒತ್ತಿಕೊಂಡೇ ಹೋದವು. "ಆಕೆ ನಮ್ಮ ಕೆಲಸದವಳಲ್ಲ" ಅನ್ನುವ ಕೊನೆಯ ಸಾಲು ಮೂಲೆಯ ಚಿತ್ರದ ಕೆಳಗೆ ಸಿಕ್ಕಿಕೊಂಡು ಅರ್ಧ ಮುಚ್ಚಿಹೋಯಿತು.

"ಅದೇನದು ಅಡ್ಡ? ಸರಸು ಅದನ್ನ" ಅಂದರು ಸಾಹೇಬರು.

ಮಾಯಾ ಅವ್ವನನ್ನು ಸರಿಸಿದಳು. ಸಾಲು ಪೂರ್ತಿ ಕಂಡಿತು. ಸಾಹೇಬರು ಓದಿ, ತಲೆಯಾಡಿಸಿ, ಪ್ರಿಂಟು ತೆಗೆದುಕೊಂಡು ಹೋದರು. ಅವರು ಮೆಟ್ಟಿಲಿಳಿದ ಸದ್ದು ಕೇಳಿದ ಮೇಲೆ ಮಾಯಾ ಎದ್ದು ಓಡಿದಳು.

ಸರ್ಕಾರಿ ದವಾಖಾನೆಯ ಮಂಚದ ಮೇಲೆ ಸಾಬವ್ವ ಕಣ್ಣು ಮುಚ್ಚಿ ಮಲಗಿದ್ದಳು. ಸೊಂಟದಿಂದ ಕೆಳಗೆ ಬಿಳಿ ಪಟ್ಟಿ. ಪಕ್ಕದಲ್ಲಿ ಧರ್ಮರಾಜ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಗುರಣ್ಣ ಆಗಲೇ ಬಂದು ಹೋಗಿದ್ದನಂತೆ.

"ಬುತ್ತಿ ಕೊಡಾಕ ಬಂದಿದ್ಳು ಅಂತ ಹೇಳು ಅಂದ" ಅಂದ ಧರ್ಮರಾಜ. "ಹಾಜರಿ ಪುಸ್ತಕದಾಗ ಆಕಿ ಹೆಸರೇ ಇಲ್ಲಲ್ಲವಾ. ನಾವು ಜೋಡಿ."

ಜೋಡಿ ಅಂದರೆ ಏನು ಅಂತ ಗೊತ್ತಿಲ್ಲದವರು ಪುಣ್ಯವಂತರು. ಮುಕಾದಮ ಗಂಡಹೆಂಡಿರನ್ನು ಒಟ್ಟಿಗೆ ಕರೆತರುತ್ತಾನೆ, ಪುಸ್ತಕದಲ್ಲಿ ಗಂಡನ ಹೆಸರೊಂದನ್ನೇ ಬರೆಯುತ್ತಾನೆ. ದುಡಿಯುವ ಕೈ ನಾಲ್ಕು, ಹೆಸರು ಒಂದು. ಇಪ್ಪತ್ತೆರಡು ವರ್ಷ ಪುಣೆಯ ಕಟ್ಟಡಗಳಿಗೆ ಗಾರೆ ಹೊತ್ತ ಸಾಬವ್ವನ ಹೆಸರು ಯಾವ ಪುಸ್ತಕದಲ್ಲೂ ಒಂದು ಸಲವೂ ಬಂದಿರಲಿಲ್ಲ. ಅದರಿಂದಲೇ ಅವಳು ಬಿದ್ದರೂ ಬಿದ್ದಂತಲ್ಲ.

"ನೀ ಏನಂದಿ?" ಮಾಯಾ ಕೇಳಿದಳು.

"ಏನನ್ಲಿ? ನಾಳೆ ಮತ್ತ ಅವನ ಹಂತೇಕನ ದುಡೀಬೇಕು."

"ಥೂ!" ಅಂದಳು ಮಾಯಾ. ಅಪ್ಪನಿಗೆ ಹಾಗಂದದ್ದು ಅದೇ ಮೊದಲು. ಆದರೆ ಉಗುಳು ಯಾರಿಗೆ ಸೇರಬೇಕು ಅಂತ ಅವಳಿಗೆ ಗೊತ್ತಿತ್ತು. ಪತ್ರ ಬರೆದುಕೊಟ್ಟ ಕೈ ಅವಳದೇ.

ಫೋಟೋ ಇದೆಯಲ್ಲ, ಅನ್ನುವುದು ಆಗ ನೆನಪಾಯಿತು. ಮೆಟ್ಟಿಲು, ಬೋರ್ಡು, ತಾರೀಖು, ತಲೆಯ ಮೇಲೆ ಬುಟ್ಟಿ, ಇನ್ನೇನು ಬೇಕು ಸಾಕ್ಷಿಗೆ? ಮರುದಿನ ಎಲ್ಲರಿಗಿಂತ ಮುಂಚೆ ಆಫೀಸಿಗೆ ಹೋಗಿ ಕಡತ ತೆರೆದಳು.

ಗುಲಾಬಿ. ಕಣ್ಣು ಕುಕ್ಕುವ ಕಡು ಗುಲಾಬಿಯ ನಡುವೆ ಅವ್ವ. ಮೂಲ ಫೋಟೋಗೆಂದು ಕಂಪ್ಯೂಟರನ್ನೆಲ್ಲ ಜಾಲಾಡಿದಳು. ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳದೆ ಅದರ ಮೇಲೆಯೇ ಸೇವ್ ಒತ್ತಿದ್ದಳಲ್ಲ, ಎಲ್ಲಿಂದ ಸಿಗಬೇಕು? ಬೇರೆ ಫೋಟೋಗಳಲ್ಲಿ ಅವ್ವನ ಸೆರಗೋ ಬೆನ್ನೋ ಇದ್ದೀತು ಅಂತ ಹುಡುಕಿದಳು. ತಿಂಗಳು ತಿಂಗಳಿನ ಫೋಟೋಗಳಲ್ಲಿ ಕಟ್ಟಡ ತಾನೇ ನೆಲದಿಂದ ಎದ್ದು ನಿಂತ ಹಾಗಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಅಷ್ಟು ಚೊಕ್ಕವಾಗಿ ಅಳಿಸಿದವಳು ಅವಳೇ. ಮಾಯಾ ಕೀಲಿಮಣೆಯನ್ನು ಮುಷ್ಟಿಯಿಂದ ಗುದ್ದಿದಳು. ಎರಡು ಕೀಲಿ ಕಿತ್ತು ನೆಲಕ್ಕೆ ಬಿದ್ದವು. ಆಮೇಲೆ ಇದ್ದ ಗುಲಾಬಿ ಚಿತ್ರವನ್ನೇ ದೊಡ್ಡದಾಗಿ ಪ್ರಿಂಟು ತೆಗೆದುಕೊಂಡು ಹೊರಟಳು. ಆ ಕುರ್ಚಿಯಲ್ಲಿ ಮತ್ತೆ ಕೂರಲಿಲ್ಲ.

ಕೂಲಿಕಾರರ ದೂರು ಕೇಳುವ ಕಾಮಗಾರ್ ಆಫೀಸಿನಲ್ಲಿ, ಅವ್ವನಿಗೆ ಪರಿಹಾರ ಕೊಡಿಸಿ ಅಂತ ಅರ್ಜಿ ಕೊಟ್ಟಳು. ಅಧಿಕಾರಿ ಎಂಟು ದಿನ ಬಿಟ್ಟು ಬುಧವಾರ ಎರಡೂ ಕಡೆಯವರನ್ನು ಕರೆಸಿದರು. ಸಿದ್ದಲಿಂಗಪ್ಪನವರು ಮಾಯಾಳನ್ನು ಅಲ್ಲಿ ನೋಡಿ ಮೊದಲು ಬೆಪ್ಪಾದರು, ಆಮೇಲೆ ನೊಂದ ಮುಖ ಮಾಡಿದರು.

"ನಮ್ಮ ಮಂದಿ ಅಂತ ನಂಬಿದ್ನಲ್ಲವಾ ನಿನ್ನ."

ಹಾಜರಿ ಪುಸ್ತಕ ಮೇಜಿನ ಮೇಲೆ ಬಂತು. ಅದರಲ್ಲಿ ಧರ್ಮರಾಜ ಒಬ್ಬನೇ. ಗುರಣ್ಣ ಕಣ್ಣು ಮಿಟುಕಿಸದೆ ಬುತ್ತಿಯ ಕಥೆ ಒಪ್ಪಿಸಿದ. ಮಾಯಾ ಪ್ರಿಂಟು ಮುಂದಿಟ್ಟಳು. ಅಧಿಕಾರಿ ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಹಾ ಸ್ಟುಡಿಯೋಚಾ ಫೋಟೋ ಆಹೇ ಕಾ?" ಅಂತ ಮರಾಠಿಯಲ್ಲಿ ಕೇಳಿದರು. ಕಾರಕೂನ ಕಿಸಕ್ಕನೆ ನಕ್ಕ.

ಸ್ಟುಡಿಯೋದ್ದಲ್ಲ, ವಾಕಡದ ಮೂರನೇ ಮಹಡಿಯದ್ದು, ಬಣ್ಣ ಬಳಿದವಳು ನಾನೇ, ತೆಗೆದವನು ಇವನೇ ಅಂತ ಮಾಯಾ ರೋಹಿತನ ಕಡೆ ಕೈ ಮಾಡಿದಳು. ಅಧಿಕಾರಿ ರೋಹಿತನನ್ನು ಕೇಳಿದರು. ಅವನು ಸಾಹೇಬರ ಮುಖ ನೋಡಿದ, ನೆಲ ನೋಡಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ನಾನು ನೂರಾರು ಫೋಟೋ ತೆಗೀತೀನಿ ಸರ್, ಯಾವುದು ಎಲ್ಲೀದು ಅಂತ ಹೆಂಗ ಹೇಳ್ಲಿ. ಈ ಹೆಂಗಸು ಯಾರು ಅಂತ ಇವಳನ್ನ ನಾ ಒಮ್ಮೆ ಕೇಳಿದ್ದೆ. ಯಾರೋ, ಗೊತ್ತಿಲ್ಲ ಅಂದಿದ್ಳು."

"ಕೇಳಿದಿರಲ್ಲ ಸಾಹೇಬ್ರ?" ಸಿದ್ದಲಿಂಗಪ್ಪನವರು ಮೆಲ್ಲಗೆ ಅಂದರು. "ಮಗಳೇ ಗುರುತಿಲ್ಲ ಅಂದಾಕಿನ್ನ ನಾವು ಹೆಂಗ ಗುರುತು ಹಿಡೀಬೇಕು?"

ರೋಹಿತ ಹೇಳಿದ್ದು ಸುಳ್ಳಾಗಿದ್ದರೆ ಮಾಯಾ ಅವನ ಕಪಾಳಕ್ಕೆ ಹೊಡೆಯಬಹುದಿತ್ತು. ಅವನು ಹೇಳಿದ್ದು ನಿಜ. ಸಾಕ್ಷಿಯಿದ್ದರೆ ಹದಿನೈದು ದಿನದಲ್ಲಿ ತರಬೇಕು, ಇಲ್ಲದಿದ್ದರೆ ಅರ್ಜಿ ಮುಗಿಯಿತು ಅಂದರು ಅಧಿಕಾರಿ.

ಅವಳು ನೆಟ್ಟಗೆ ದವಾಖಾನೆಗೆ ಬಂದಳು. ಸಾಬವ್ವ ಎಚ್ಚರವಾಗಿದ್ದಳು. ಮಾಯಾ ಒಂದನ್ನೂ ಬಿಡದೆ ಹೇಳಿದಳು: ಪತ್ರ, ಗುಲಾಬಿ ಬಣ್ಣ, ರೋಹಿತನಿಗೆ ಕೊಟ್ಟ ಉತ್ತರ. ಸಾಬವ್ವ ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮಗಳು ತನ್ನನ್ನು ಯಾರೋ ಅಂದದ್ದರ ಬಗ್ಗೆ ಏನೂ ಅನ್ನಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಬೇರೆಯದಕ್ಕೆ, ಕಾಣೆಯಾದ ಮೆಟ್ಟಿಲಿಗೆ.

"ಪಾವಟಿಗಿ ಎಲ್ಲಿ? ಅಷ್ಟು ಪಾವಟಿಗಿಗೆ ಮಾಲು ಹೊತ್ತಾಕಿ ನಾನು. ನಾ ಹೊತ್ತದ್ದನ್ನೆಲ್ಲ ಅಳಿಸಿ ನನ್ನೊಬ್ಬಾಕಿನ್ನ ಇಟ್ಟೀಯಾ? ನನ್ನ ಮಾರಿ ತಗೊಂಡು ಏನ್ ಮಾಡ್ತಿ, ಹುಚ್ಚಿ?"

ಮಾಯಾ ತಲೆ ತಗ್ಗಿಸಿದಳು. ಸಾಬವ್ವ ಚಿತ್ರದಲ್ಲಿನ ತನ್ನ ಹಸಿರು ಸೆರಗಿನ ತುದಿಗೆ ಬೆರಳಿಟ್ಟಳು. ಸೆರಗು ಅಲ್ಲಿ ಹರಿದಿತ್ತು.

"ಇದರ ತುಂಡು ಅಲ್ಲೇ ಅದ ನೋಡು. ಮೂರನೇ ಮಾಳಿಗಿ ಪಾವಟಿಗಿ ಮ್ಯಾಗಿನ ತೊಲಿಗೆ ಕಾಂಕ್ರೀಟ್ ಹಾಕಬೇಕಾದ್ರ ಹಲಗಿ ಸಂದಿನಾಗಿಂದ ಸಿಮೆಂಟ್ ನೀರು ಸೋರಾಕತ್ತು. ತುರುಕಾಕ ಚೀಲ ಸಿಗಲಿಲ್ಲ. ಸೆರಗು ಹರದು ತುರುಕಿದೆ. ಹಲಗಿ ಬಿಚ್ಚಿದಾಗ ಅದು ಕಲ್ಲಿನಾಗ ಹಿಡಕೊಂಡು ಕುಂತಿತ್ತು, ಜಗ್ಗಿದ್ರ ಬರಲಿಲ್ಲ. ಬುತ್ತಿ ಕೊಡಾಕ ಬಂದಾಕಿ ತೊಲ್ಯಾಗ ಸೆರಗು ಇಟ್ಟು ಹೋಗ್ತಾಳೇನು? ಕೇಳು ಆ ಸಾಹೇಬನ್ನ."

ಮಾಯಾ ಎದ್ದು ನಿಂತಳು. ವಾಕಡದ ಕೆಲಸದ ವೇಳಾಪಟ್ಟಿ ಟೈಪ್ ಮಾಡಿದವಳು ಅವಳೇ. ಮೆಟ್ಟಿಲ ಭಾಗಕ್ಕೆ ಸಿಮೆಂಟು ಬಳಿಯುವ ಗಿಲಾವಿನ ಕೆಲಸ ಗುರುವಾರ ಶುರು. ಗುರುವಾರ ಅಂದರೆ ನಾಳೆ. ಗಿಲಾವು ಬಿದ್ದರೆ ತೊಲೆಯೂ ನುಣ್ಣಗಾಗುತ್ತದೆ, ಸೆರಗೂ ಮುಚ್ಚಿಹೋಗುತ್ತದೆ.

ಬೆಳಗಿನ ಮೊದಲ ಬಸ್ಸಿಗೆ ಹೊರಟು, ಎರಡು ಬಸ್ಸು ಬದಲಿಸಿ ವಾಕಡ ಮುಟ್ಟುವಾಗ ಎಂಟೂವರೆ. ಬೋಳು ಅಂಚಿಗೆಲ್ಲ ಈಗ ಬಿದಿರಿನ ಕಟಕಟೆ ಕಟ್ಟಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅದನ್ನು ನೋಡಿ ಮಾಯಾಗೆ ಒದೆಯಬೇಕೆನಿಸಿತು. ಹತ್ತಿ ಮೂರನೇ ಮಹಡಿಗೆ ಬಂದಳು. ಗಿಲಾವಿನ ಮೇಸ್ತ್ರಿ ಕಾಡಪ್ಪ ಹಲಗೆಯ ಮೇಲೆ ನಿಂತು ತೊಲೆಯ ಆ ತುದಿಯಿಂದ ಕರಣಿ ಎಳೆಯುತ್ತ ಬರುತ್ತಿದ್ದ. ಈ ತುದಿಯಲ್ಲಿ ತೊಲೆಯ ಅಡಿಯಿಂದ ಒಂದು ಗೇಣು ಹಸಿರು ಅರಿವೆ ಸಿಮೆಂಟು ಕಟ್ಟಿಕೊಂಡು ಬಿರುಸಾಗಿ ಜೋತುಬಿದ್ದಿತ್ತು. ನಡುವೆ ನಾಲ್ಕು ಮೊಳ ಉಳಿದಿತ್ತು.

"ನಿಲ್ಲಸ್ರಿ! ಅಲ್ಲೇ ನಿಲ್ಲಸ್ರಿ!"

ಕಾಡಪ್ಪನ ಕರಣಿ ನಿಂತಿತು. ಬುಟ್ಟಿ ಹೊತ್ತ ನಾಲ್ವರು ಹೆಂಗಸರು ತಿರುಗಿದರು. ಗದ್ದಲ ಕೇಳಿ ರೋಹಿತ ಕೆಳಗಿನಿಂದ ಓಡಿಬಂದ, ಕೊರಳಲ್ಲಿ ಕ್ಯಾಮೆರಾ.

"ಮಾಯಾ, ಹಿಂಗ ಬರಬಾರ್ದು ಇಲ್ಲಿ. ಸಾಹೇಬ್ರಿಗೆ ಗೊತ್ತಾದ್ರ—"

"ಗೊತ್ತಾಗ್ಲಿ. ಫೋಟೋ ತೆಗಿ. ಆ ಅರಿವೀದು, ತೊಲೀದು, ತಾರೀಖು ಬೀಳೂಹಂಗ ತೆಗಿ."

ರೋಹಿತ ಕದಲಲಿಲ್ಲ. "ನನ್ನ ನೌಕರಿ ಹೋಗ್ತದ" ಅಂದ. ಮಾಯಾ ಅವನ ಕೊರಳಿನಿಂದ ಪಟ್ಟಿ ಸಮೇತ ಕ್ಯಾಮೆರಾ ಕಿತ್ತುಕೊಂಡಳು. ಅವನು ತಡೆಯಲೂ ಇಲ್ಲ, ಕೊಡಲೂ ಇಲ್ಲ. ಅವನ ಧೈರ್ಯ ಅಷ್ಟೇ.

ಅವಳು ಕ್ಯಾಮೆರಾ ಎತ್ತಿದ್ದೇ ತಡ, ಹೆಂಗಸರು ಬುಟ್ಟಿ ಸಮೇತ ಗೋಡೆಯ ಮರೆಗೆ ಸರಿದರು. ಕಾಡಪ್ಪ ಹಲಗೆಯಿಂದ ಇಳಿದು ಪಕ್ಕಕ್ಕೆ ನಿಂತ. ಯಾರೂ ಹೇಳಿರಲಿಲ್ಲ, ಕ್ಯಾಮೆರಾ ಕಂಡರೆ ಸರಿಯುವುದು ಅವರಿಗೆ ಅಭ್ಯಾಸ. ಮಾಯಾಳ ನೆತ್ತಿಗೆ ರಕ್ತ ಏರಿತು.

"ಯಾಕ ಸರೀತೀರಿ? ಯಾರೂ ಸರೀಬ್ಯಾಡ್ರಿ!"

"ನಾವು ಬರಬಾರ್ದಲ್ಲವಾ ಫೋಟೋದಾಗ" ಅಂದ ಕಾಡಪ್ಪ. "ನೀ ಯಾರು, ಆಫೀಸಿನ್ಯಾಕಿ ಏನು?"

"ನಾ ಸಾಬವ್ವನ ಮಗಳು."

ಕಾಡಪ್ಪ ಹೆಂಗಸರ ಮುಖ ನೋಡಿದ. ಅವರು ಅವನ ಮುಖ ನೋಡಿದರು. ಅವರಲ್ಲಿ ವಯಸ್ಸಾದವಳು ಬುಟ್ಟಿಯನ್ನು ಕೆಳಗಿಳಿಸಿದಳು.

"ಸಾಬವ್ವಗ ಮಗಳೆಲ್ಲಿ ಅದಾಳ? ಎಷ್ಟು ಸಲ ಕೇಳೀವಿ ನಾವು. ನನಗ ಮಕ್ಕಳೇ ಆಗಲಿಲ್ಲವಾ ಅಂತಿದ್ಳು."

ಮಾಯಾ ಎತ್ತಿದ್ದ ಕ್ಯಾಮೆರಾ ಇಳಿಸಿದಳು. ಆಫೀಸಿನ ಮಾತು ಎತ್ತಬೇಡ ಅಂದಿದ್ದಳು ಅಷ್ಟೇ. ಮಗಳೇ ಇಲ್ಲ ಅನ್ನು ಅಂದಿರಲಿಲ್ಲ. ಸಿದ್ದಲಿಂಗಪ್ಪನವರ ಮೇಲಿನ ಸಿಟ್ಟು, ಗುರಣ್ಣನ ಮೇಲಿನ ಸಿಟ್ಟು, ಕೀಲಿಮಣೆಯ ಮೇಲೆ ತಾನಾಗಿ ಓಡಿದ ತನ್ನ ಹತ್ತು ಬೆರಳಿನ ಮೇಲಿನ ಸಿಟ್ಟು, ಎಲ್ಲ ಒಟ್ಟಾಯಿತು.

"ಆಗ್ಯಾಳ" ಅಂದಳು. "ಒಬ್ಬಾಕಿ ಆಗ್ಯಾಳ. ಬರ್ರಿ ಎಲ್ಲಾರೂ, ಈ ತೊಲಿ ಕೆಳಗ ನಿಂದರ್ರಿ. ಬುಟ್ಟಿ ಹೊತ್ಕೊಂಡು ನಿಂದರ್ರಿ."

ಮೊದಲು ವಯಸ್ಸಾದವಳು ಬಂದಳು. ಉಳಿದವರು ಒಬ್ಬೊಬ್ಬರಾಗಿ ಬಂದು ಹಸಿರು ಅರಿವೆಯ ಕೆಳಗೆ ನಿಂತರು. ಕಾಡಪ್ಪ ಕರಣಿ ಹಿಡಿದು ಕೊನೆಯಲ್ಲಿ ನಿಂತ. ಮಾಯಾ ಎಲ್ಲರೂ ಹಿಡಿಸುವಷ್ಟು ಹಿಂದೆ ಸರಿದು ಗುಂಡಿ ಒತ್ತಿದಳು.